ಕುಮಟಾದಿಂದ ಗೋಕರ್ಣಕ್ಕೆ ಕಡಲ ದಂಡೆ ಹಿಡಿದು ನಡೆಯುವುದು ಹೇಗೆ?

ಕುಮಟಾದ ವನ್ನಳ್ಳಿಯಿಂದ ಗೋಕರ್ಣಕ್ಕೆ ದಂಡೆಯ ಮೇಲೆ ನಡೆದರೆ ಸುಮಾರು 25 ಕಿಲೋಮೀಟರ್. ಚಳಿಗಾಲ ಬಂತೆಂದರೆ ಬೆಂಗಳೂರು, ಹುಬ್ಬಳ್ಳಿ ಕಡೆಯಿಂದ ಚೀಲ ಬೆನ್ನಿಗೇರಿಸಿಕೊಂಡು ಜನ ಬರುತ್ತಾರೆ. ಅವರಲ್ಲಿ ಎಷ್ಟೋ ಮಂದಿ ಅರ್ಧ ದಾರಿಯಲ್ಲೇ ಆಟೋ ಹತ್ತುವುದನ್ನು ನೋಡಿದ್ದೇನೆ. ಕಾಲಿನಲ್ಲಿ ಕಸುವಿಲ್ಲ ಅಂತಲ್ಲ. ಸಮುದ್ರದ ಹೊತ್ತು ನೋಡದೆ ಹೊರಟಿರುತ್ತಾರೆ, ಅಷ್ಟೇ.

1. ತಿಂಗಳು ಮತ್ತು ದಿಕ್ಕು
ನವೆಂಬರ್‌ನಿಂದ ಫೆಬ್ರವರಿ. ಮಳೆಗಾಲದಲ್ಲಿ ಬೇಡವೇ ಬೇಡ. ಎರಡು ದಿನ ಇಟ್ಟುಕೊಳ್ಳಿ, ಕುಮಟಾದಿಂದ ಶುರು ಮಾಡಿ. ಮೊದಲ ದಿನ ಮರಳು ಜಾಸ್ತಿ, ಎರಡನೇ ದಿನ ಗುಡ್ಡ ಜಾಸ್ತಿ. ಕಾಲು ಪಳಗಿದ ಮೇಲೆ ಗುಡ್ಡ ಹತ್ತುವುದು ಸುಲಭ.

2. ಇಳಿತದ ಲೆಕ್ಕ
ಇಲ್ಲಿ ಅವಸರ ಬೇಡ. ಇಡೀ ನಡಿಗೆ ನಿಂತಿರುವುದೇ ಈ ಲೆಕ್ಕದ ಮೇಲೆ.

ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ. ಒಂದು ಉಬ್ಬರಕ್ಕೂ ಮುಂದಿನ ಇಳಿತಕ್ಕೂ ನಡುವೆ ಆರು ಗಂಟೆಯ ಆಸುಪಾಸು. ಆದರೆ ಇವತ್ತಿನ ಹೊತ್ತು ನಾಳೆಗೆ ಇರುವುದಿಲ್ಲ, ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಕಳೆದ ವಾರ ಗೆಳೆಯರು ಹೋಗಿ ಬಂದ ಹೊತ್ತನ್ನೇ ನಂಬಿ ಹೊರಟರೆ ಕೆಟ್ಟಿರಿ. ಇನ್ನೊಂದು ವಿಷಯ, ದಿನದ ಎರಡು ಇಳಿತಗಳೂ ಒಂದೇ ಮಟ್ಟದ್ದಲ್ಲ. ಒಂದರಲ್ಲಿ ನೀರು ಜಾಸ್ತಿ ಹಿಂದೆ ಸರಿಯುತ್ತದೆ. ಉಬ್ಬರ, ಇಳಿತದ ಹೊತ್ತು ತಿಳಿಸುವ ಪಟ್ಟಿಯಲ್ಲಿ ಹೊತ್ತಿನ ಪಕ್ಕ ನೀರಿನ ಎತ್ತರದ ಮೀಟರ್ ಲೆಕ್ಕವೂ ಇರುತ್ತದೆ, ಅದನ್ನೂ ಓದಿ.

ಕಾರವಾರ ಬಂದರಿನ ಪಟ್ಟಿಯನ್ನೇ ನೋಡಿ. ಕೆಲವು ಮೊಬೈಲ್ ಆ್ಯಪ್‌ಗಳು ಸುಮ್ನೆ ಮುಂಬೈ ಲೆಕ್ಕ ತೋರಿಸುತ್ತವೆ, ಅಲ್ಲಿನ ನೀರಿನ ಏರಿಳಿತವೇ ಬೇರೆ. ಮನೆಯ ಪಂಚಾಂಗವೂ ಕೆಲಸಕ್ಕೆ ಬರುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಉಬ್ಬರವೂ ದೊಡ್ಡದು, ಇಳಿತವೂ ದೊಡ್ಡದು. ಅಷ್ಟಮಿಯ ಹೊತ್ತಿಗೆ ಎರಡೂ ಸಣ್ಣವು. ಮೊದಲ ಸಲ ಬರುವವರಿಗೆ ನಾನು ಅಷ್ಟಮಿಯ ಸುತ್ತಲಿನ ದಿನಗಳನ್ನೇ ಹೇಳುವುದು. ನೀರು ಮೋಸ ಮಾಡುವುದು ಕಡಿಮೆ.

ಪೂರ್ತಿ ಇಳಿಯುವ ಹೊತ್ತಿಗೆ ಎರಡು ಗಂಟೆ ಮೊದಲೇ ಮರಳಿಗೆ ಇಳಿಯಿರಿ. ಆಗ ಮುಂದಿನ ನಾಲ್ಕು ಗಂಟೆ ನಿಮ್ಮದು. ನೀರು ಆಗಷ್ಟೇ ಬಿಟ್ಟುಹೋದ ಒದ್ದೆ ಮರಳು ಗಟ್ಟಿ ಇರುತ್ತದೆ, ಅದರ ಮೇಲೆ ನಡೆಯಿರಿ. ಒಣ ಮರಳಿನಲ್ಲಿ ಹೆಜ್ಜೆ ಹೂತು, ಗಟ್ಟಿ ನೆಲಕ್ಕಿಂತ ಒಂದೂವರೆ ಪಟ್ಟಿಗೂ ಹೆಚ್ಚು ಶಕ್ತಿ ಸೋರಿಹೋಗುತ್ತದೆ. ಉಬ್ಬರದಲ್ಲಿ ಹೊರಟವರಿಗೆ ಸಿಗುವುದು ಈ ಒಣ ಮರಳು ಮಾತ್ರ. ಮಧ್ಯಾಹ್ನದೊಳಗೆ ಅವರು ಸುಸ್ತು.

ಪಟ್ಟಿ ಏನೇ ಹೇಳಲಿ, ಬಲೆ ಬಿಡಿಸುತ್ತಾ ಕೂತವರನ್ನು ಒಂದು ಮಾತು ಕೇಳಿ: "ಅಣ್ಣಾ, ಇವತ್ತು ನೀರು ಎಷ್ಟೊತ್ತಿಗೆ ಇಳಿಯುತ್ತೆ?" ಗಾಳಿ ಜೋರಿದ್ದ ದಿನ ಪಟ್ಟಿಗಿಂತ ಅವರ ಮಾತೇ ಸರಿ.

3. ಬಂಡೆ ಬಂದಾಗ
ಒಂದು ಬೀಚಿಗೂ ಇನ್ನೊಂದಕ್ಕೂ ನಡುವೆ ಗುಡ್ಡ ಸಮುದ್ರಕ್ಕೆ ಚಾಚಿರುತ್ತದೆ. ಬುಡದಲ್ಲಿ ಬಂಡೆ ಸುತ್ತಿ ಹೋದರೆ ಹತ್ತಿರ ಅಂತ ಕಾಣುತ್ತದೆ. ಈ ಅಡ್ಡದಾರಿ ಬೇಡ. ಹಸಿರು ಪಾಚಿ ಕಟ್ಟಿದ ಬಂಡೆ ಮೇಲೆ ಎಂಥ ಶೂ ಕೂಡ ನಿಲ್ಲುವುದಿಲ್ಲ, ಬಂಡೆಗೆ ಅಂಟಿದ ಚಿಪ್ಪುಗಳು ಕೈ ಕೊಯ್ಯುತ್ತವೆ. ಸಣ್ಣ ಅಲೆಗಳ ನಡುವೆ ಇದ್ದಕ್ಕಿದ್ದಂತೆ ದೊಡ್ಡವು ಸಾಲಾಗಿ ಬರುತ್ತವೆ. ಮೇಲೆ ಕಾಲುದಾರಿ ಇದೆಯಲ್ಲ, ಹತ್ತಿ ಇಳಿಯಿರಿ. ಅನುಮಾನ ಬಂದರೆ ಮೇಲಕ್ಕೇ ಹೋಗಿ.

4. ಕಾಲು
ಹಳೆಯ, ಪಳಗಿದ ರನ್ನಿಂಗ್ ಶೂ ಸಾಕು. ಹೊಸ ಶೂ ಬೇಡ. "ವಾಟರ್‌ಪ್ರೂಫ್" ಅಂತ ದುಬಾರಿ ಬೆಲೆಗೆ ಮಾರುವುದಂತೂ ಬೇಡವೇ ಬೇಡ, ಮೇಲಿನಿಂದ ಒಮ್ಮೆ ನೀರು ಹೊಕ್ಕರೆ ಹೊರಗೆ ಹೋಗುವುದೇ ಇಲ್ಲ. ಗಂಟೆಗೊಮ್ಮೆ ಶೂ ಬಿಚ್ಚಿ ಮರಳು ಕೊಡವಿ. ಚರ್ಮ ಬಿಸಿಯಾಗಿ ಚುರುಗುಟ್ಟಿದ ಕೂಡಲೇ ಬಟ್ಟೆಯ ಮೆಡಿಕಲ್ ಟೇಪ್ ಅಂಟಿಸಿ. ಬೊಬ್ಬೆ ಎದ್ದ ಮೇಲೆ ಅಂಟಿಸಿ ಏನು ಪ್ರಯೋಜನ, ಅಲ್ವಾ? ದಂಡೆ ಸಮುದ್ರದ ಕಡೆಗೆ ಇಳಿಜಾರು. ಉತ್ತರಕ್ಕೆ ನಡೆಯುವಾಗ ನಿಮ್ಮ ಎಡಗಾಲು ಸದಾ ತಗ್ಗಿನಲ್ಲಿರುತ್ತದೆ, ಮಂಡಿ ನೋಯುತ್ತದೆ. ಆಗಾಗ ಸಮತಟ್ಟು ಜಾಗಕ್ಕೆ ಸರಿದು ನಡೆಯಿರಿ.

5. ಹೊಳೆ ದಾಟುವುದು
ಕಡ್ಲೆ, ನಿರ್ವಾಣ ಬೀಚ್ ದಾಟಿ ಅಘನಾಶಿನಿ ಊರು ಮುಟ್ಟಿದರೆ ಮೊದಲ ದಿನ ಮುಗಿಯಿತು. ಉಳಿಯಲು ಜಾಗ ಮೊದಲೇ ಮಾತಾಡಿಕೊಂಡಿರಿ. ಬೆಳಿಗ್ಗೆ ದೋಣಿಯಲ್ಲಿ ಅಘನಾಶಿನಿ ಹೊಳೆ ದಾಟಿ ಆಚೆ ದಡದ ತದಡಿಗೆ. ದೋಣಿಯ ಹೊತ್ತನ್ನು ಹಿಂದಿನ ಸಂಜೆಯೇ ವಿಚಾರಿಸಿ. ಇಲ್ಲದಿದ್ದರೆ ಮಿರ್ಜಾನ್ ಕಡೆಯಿಂದ ರಸ್ತೆಯಲ್ಲಿ ಸುತ್ತಿ ಬರಬೇಕು. ಈಜಿ ದಾಟುವ ಯೋಚನೆ ಬೇಡ, ಇಳಿತದಲ್ಲಿ ಹೊಳೆಬಾಯಿಯ ಸೆಳೆತ ಜೋರು. ದೋಣಿಯಲ್ಲಿ ಕೂತು ಕಣ್ತುಂಬ ನೋಡಿ. ಅಣೆಕಟ್ಟು ಇಲ್ಲದೆ ಹರಿಯುವ ಹೊಳೆ ಇದು. 2024ರಲ್ಲಿ ಈ ಅಳಿವೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಇಂಥ ಹೊಳೆಗೆ ಒಂದು ಚಿಪ್ಸ್ ಪೊಟ್ಟಣವೂ ಬೀಳಬಾರದು.

6. ಉಳಿದದ್ದು
ತದಡಿಯಿಂದ ಮುಂದೆ ಬೀಚುಗಳ ಸಾಲು: ಬೇಲೆಕಾನ, ಪ್ಯಾರಡೈಸ್, ಹಾಫ್ ಮೂನ್, ಓಂ, ಕುಡ್ಲೆ, ಆಮೇಲೆ ಗೋಕರ್ಣ. ತಲೆಗೆ ಮೂರು ಲೀಟರ್ ನೀರು ತದಡಿಯಲ್ಲೇ ತುಂಬಿಸಿಕೊಳ್ಳಿ, ಓಂ ಬೀಚ್ ತನಕ ಅಂಗಡಿ ನೆಚ್ಚಬೇಡಿ. ಮಧ್ಯಾಹ್ನದ ಬಿಸಿಲು ನೆರಳಲ್ಲಿ ಕಳೆಯಿರಿ, ಆದರೆ ಹಾಫ್ ಮೂನ್ ಗುಡ್ಡವನ್ನು ಬೆಳಕಿರುವಾಗಲೇ ದಾಟಿ. ಕತ್ತಲಲ್ಲಿ ಆ ಕಾಲುದಾರಿಗೆ ಮೊಬೈಲ್ ಟಾರ್ಚ್ ಸಾಲದು. ಅದೇ ರಾತ್ರಿ ರೈಲಿದ್ದರೆ ಇನ್ನೊಂದು ಮಾತು: ಗೋಕರ್ಣ ರೋಡ್ ನಿಲ್ದಾಣ ಊರೊಳಗಿಲ್ಲ, ಆಟೋದಲ್ಲೇ ಹೋಗಬೇಕು. ಒಂದು ಗಂಟೆ ಕೈಯಲ್ಲಿಟ್ಟುಕೊಳ್ಳಿ.