ಅರ್ಧ ಲಾರಿ ಸರಕಿಗೆ ಪೂರ್ತಿ ಬಾಡಿಗೆ ಯಾಕೆ?

ತುಮಕೂರಿನಿಂದ ಹುಬ್ಬಳ್ಳಿಗೆ ಅಡಿಕೆ ಹಾಳೆ ತಟ್ಟೆ ಕಳಿಸುವುದು ನಿಜಕ್ಕೂ ತಲೆನೋವು. ತೂಕ ಕಮ್ಮಿ, ಜಾಗ ಜಾಸ್ತಿ. ಪಾರ್ಸೆಲ್ ಆಫೀಸಿನಲ್ಲಿ ಬಾಕ್ಸಿನ ಅಳತೆ ಹಿಡಿದೇ ರೇಟು ಹಾಕುತ್ತಾರೆ.

ದಾರಿ ಸಿಕ್ಕಿದ್ದು ಪಕ್ಕದ ಶೆಡ್ಡಿನಲ್ಲೇ. ಅವರದ್ದು ಕಬ್ಬಿಣದ ಬಿಡಿಭಾಗ. ಭಾರಿ ತೂಕ, ಆದರೆ ಲಾರಿಯ ಅರ್ಧವೂ ತುಂಬುವುದಿಲ್ಲ. ಬೆಂಗಳೂರಲ್ಲಿ ಲೋಡ್ ಇಳಿಸಿ 48ನೇ ಹೆದ್ದಾರಿಯಲ್ಲಿ ಖಾಲಿ ವಾಪಸ್ ಹೋಗುವ ಹುಬ್ಬಳ್ಳಿ ಲಾರಿಯನ್ನು ಇಬ್ಬರೂ ಸೇರಿ ಹಿಡಿದೆವು. ಕೆಳಗೆ ಅವರ ಕಬ್ಬಿಣ, ಮೇಲೆ ಹಲಗೆ ಹಾಸಿ ನಮ್ಮ ತಟ್ಟೆ, ಅದರ ಮೇಲೆ ಟಾರ್ಪಾಲು, ಯಾಕಂದ್ರೆ ಹಾಳೆಗೆ ತೇವ ತಗುಲಿದರೆ ಬೂಷ್ಟು ಹಿಡಿಯುತ್ತದೆ. ಬಾಡಿಗೆಯನ್ನು ತೂಕ, ಜಾಗ ಎರಡೂ ನೋಡಿ ಹಂಚಿಕೊಂಡೆವು. ಅದೇ ನ್ಯಾಯ ಅಲ್ವಾ?

ಲಾರಿ ಒಂದೇ ಆದರೂ ಬಿಲ್ಲು ಬೇರೆ ಬೇರೆ ಇರಲಿ. ಸರಕಿನ ಬೆಲೆ 50,000 ರೂಪಾಯಿ ದಾಟಿದರೆ ಇ-ವೇ ಬಿಲ್ಲೂ (ಸರಕು ಸಾಗಿಸಲು ಆನ್‌ಲೈನಿನಲ್ಲಿ ಮಾಡಿಸುವ ಜಿಎಸ್‌ಟಿ ಪತ್ರ) ಅವರವರದ್ದೇ, ಅದರಲ್ಲಿ ಲಾರಿ ನಂಬರು ಸರಿಯಾಗಿದೆಯಾ ನೋಡಿಕೊಂಡೇ ಗಾಡಿ ಬಿಡಿ.