ಕೈಗಾತ್ರದ ಧೂಳುಮಾಪಕ ಬಳಸುವವರ ಗಮನಕ್ಕೆ

ಮುಧೋಳ, ಜಮಖಂಡಿ ಕಡೆ ಕಬ್ಬಿನ ರವದಿ (ಒಣಗರಿ) ಸುಡುವ ದಿನಗಳಲ್ಲಿ ತಾವು ಉಸಿರಾಡುವ ಗಾಳಿಯನ್ನು ಅಳೆಯಲೆಂದು ಕೈಗಾತ್ರದ ಸೆನ್ಸರ್ ಕೊಂಡವರು, ಅದು ಕಣಗಳನ್ನು ತೂಗುವುದಿಲ್ಲ, ಲೇಸರ್ ಬೆಳಕು ಅವುಗಳಿಗೆ ತಾಗಿ ಚದುರುವುದನ್ನು ನೋಡಿ ಅಂದಾಜು ಮಾಡುತ್ತದೆ ಎಂಬುದನ್ನು ತಿಳಿದಿರಬೇಕು. ಆದ್ದರಿಂದ ಮಂಜು ಕವಿದ ಬೆಳಗಿನಲ್ಲಿ ತೇವ ಹೀರಿ ಉಬ್ಬಿದ ಕಣಗಳು ಅಂಕಿಯನ್ನು ಏರಿಸಿ ತೋರಿಸುತ್ತವೆ; ರಸ್ತೆಯ ದಪ್ಪ ಧೂಳನ್ನಾದರೋ ಅದು ಸಾಮಾನ್ಯವಾಗಿ ಕಡಿಮೆಯಾಗಿಯೇ ಎಣಿಸುತ್ತದೆ. ಉಪಕರಣವನ್ನು ಜೇಬಿನಲ್ಲಿಡದೆ, ಗಾಳಿ ಒಳಹೋಗುವ ರಂಧ್ರ ಮುಚ್ಚದಂತೆ ಹೆಗಲಚೀಲದ ಪಟ್ಟಿಗೆ ಎದೆಯ ಮಟ್ಟದಲ್ಲಿ ಸಿಕ್ಕಿಸಿಕೊಳ್ಳಿರಿ. (ಒಗ್ಗರಣೆ ಹಾಕುವಾಗ ಅಡುಗೆಮನೆಯಲ್ಲಿ ಒಮ್ಮೆ ಇಟ್ಟು ನೋಡಿರಿ, ಅಂಕಿ ಬಸ್ ನಿಲ್ದಾಣವನ್ನೂ ಮೀರಿದರೆ ಅಚ್ಚರಿಯಿಲ್ಲ.) ಪಿಎಂ 2.5 ಕಣಗಳಿಗೆ (2.5 ಮೈಕ್ರೋಮೀಟರ್ ಅಥವಾ ಅದಕ್ಕಿಂತ ಕಡಿಮೆ ವ್ಯಾಸದ ಸೂಕ್ಷ್ಮ ಕಣಗಳಿಗೆ) ನಮ್ಮ ದೇಶದ ಮಿತಿಯಾದ ಘನಮೀಟರಿಗೆ 60 ಮೈಕ್ರೋಗ್ರಾಂ ಎಂಬುದು 24 ಗಂಟೆಗಳ ಸರಾಸರಿಯಾಗಿರುವುದರಿಂದ, ಒಂದು ಕ್ಷಣದ ಅಂಕಿಯನ್ನು ಅದಕ್ಕೆ ಹೋಲಿಸಬಾರದು.