ಪ್ಲಗ್ ಕಿತ್ತಾಕಿದ್ರೆ ಕ್ಯಾಮೆರಾ ಡಿಸ್‌ಕನೆಕ್ಟ್ ಆಗಲ್ಲ: ಸೆಕ್ಯುರಿಟಿ ಸೆಟಪ್ ಬಿಚ್ಚೋದು ಹೆಂಗೆ

ಮನೆ ಖಾಲಿ ಮಾಡ್ತಿದೀರೋ, ಹಳೇ ಕ್ಯಾಮೆರಾ ಯಾರಿಗೋ ಕೊಡ್ತಿದೀರೋ, ಇಲ್ಲಾ ಒಂದು ಸಿಸ್ಟಮ್ ಬಿಟ್ಟು ಇನ್ನೊಂದಕ್ಕೆ ಹೋಗ್ತಿದೀರೋ, ಏನೇ ಇರ್ಲಿ, ಜನ ಮೊದ್ಲು ಮಾಡೋದು ಏಣಿ ಹಾಕ್ಕೊಂಡು ಹತ್ತಿ ಕ್ಯಾಮೆರಾ ಕೀಳೋದು. ಅದು ಕಟ್ಟಕಡೇಗೆ ಮಾಡ್ಬೇಕಾದ ಕೆಲ್ಸ. ಸಿಮ್ ತೆಗೆದು ಡ್ರಾಯರ್‌ಗೆ ಹಾಕಿದ ಮಾತ್ರಕ್ಕೆ ನಂಬರ್ ನಿಮ್ಮ ಹೆಸರಿಂದ ಹೋಗಲ್ವಲ್ಲ, ಇದೂ ಹಂಗೇನೇ. ಪವರ್ ಹೋದ್ರೆ ಆಪ್‌ನಲ್ಲಿ ಆಫ್‌ಲೈನ್ ಅಂತ ಬರತ್ತೆ ಅಷ್ಟೇ, ಅಕೌಂಟ್‌ ಜೊತೆ ನಂಟು ಹಾಗೇ ಉಳ್ಕೊಂಡಿರತ್ತೆ. ಹಾಗಾಗಿ ಎಲ್ಲಾ ಡಿವೈಸ್‌ಗೂ ಕರೆಂಟ್ ಇದ್ದಾಗ್ಲೇ, ವೈಫೈ ಓಡ್ತಿದ್ದಾಗ್ಲೇ ಶುರು ಮಾಡಿ. ಮತ್ತೆ ಇದೆಲ್ಲಾ ನಿಮ್ಮದೇ ಸಾಮಾನಿಗೆ ಮಾತ್ರ, ಓನರ್ ಹಾಕ್ಸಿರೋ ಕ್ಯಾಮೆರಾ ಆದ್ರೆ ಅವರ ಹತ್ರ ಹೇಳಿ ಅವರ ಕೈಲೇ ತೆಗೆಸಿ.

ವೈಫೈ ಕ್ಯಾಮೆರಾದಿಂದ ಶುರು ಮಾಡೋಣ. ಬೇಕಾಗಿರೋ ವಿಡಿಯೋ ಕ್ಲಿಪ್ಪೆಲ್ಲಾ ಮೊದ್ಲೇ ಡೌನ್‌ಲೋಡ್ ಮಾಡ್ಕೊಳ್ಳಿ, ಯಾಕಂದ್ರೆ ಸುಮಾರು ಆಪ್‌ಗಳಲ್ಲಿ ಡಿವೈಸ್ ರಿಮೂವ್ ಮಾಡಿದ ತಕ್ಷಣ ಕ್ಲೌಡ್‌ನಲ್ಲಿರೋ ರೆಕಾರ್ಡಿಂಗೂ ಹೋಗ್ಬಿಡತ್ತೆ, ವಾಪಸ್ ಬರಲ್ಲ. ಆಮೇಲೆ ಆಪ್‌ನಲ್ಲಿ ಆ ಕ್ಯಾಮೆರಾದ ಸೆಟ್ಟಿಂಗ್ಸ್‌ಗೆ ಹೋಗಿ ರಿಮೂವ್ ಡಿವೈಸ್ ಕೊಡಿ. ಇದು ಮೊದಲನೇ ಸಲ ಸೆಟಪ್ ಮಾಡಿದ ಅಕೌಂಟ್‌ನಿಂದ್ಲೇ ಆಗ್ಬೇಕು, ಮನೆಯವರ ಜೊತೆ ಶೇರ್ ಮಾಡಿರೋ ಅಕೌಂಟ್‌ನಿಂದ ತೆಗೆದ್ರೆ ಅವರ ಫೋನಿಂದ ಮಾತ್ರ ಮಾಯ ಆಗತ್ತೆ. ಅದಾದ್ಮೇಲೆ ರೀಸೆಟ್ ಬಟನ್ ಒತ್ತಿ ಹಿಡೀರಿ, ಕೆಲವದ್ರಲ್ಲಿ ಪಿನ್ ಹಾಕೋ ತೂತು ಇರತ್ತೆ. ಬರೀ ರೀಸೆಟ್ ಮಾಡಿ ಸುಮ್ನಾದ್ರೆ ಸಾಲ್ದಾ ಅಂದ್ರೆ, ಸಾಲಲ್ಲ. ರೀಸೆಟ್ ಅಳಿಸೋದು ಕ್ಯಾಮೆರಾ ಒಳಗಿರೋ ವೈಫೈ ಡೀಟೇಲ್ಸು, ಯಾರ ಅಕೌಂಟ್‌ದು ಅನ್ನೋ ಲೆಕ್ಕ ಎಷ್ಟೋ ಬ್ರ್ಯಾಂಡ್‌ಗಳಲ್ಲಿ ಕಂಪನಿ ಸರ್ವರ್‌ನಲ್ಲಿರತ್ತೆ, ಆ ಕ್ಯಾಮೆರಾ ನಿಮ್ಮಿಂದ ತಗೊಂಡೋರು ಸೆಟಪ್ ಮಾಡೋಕೆ ಹೋದಾಗ ಈ ಡಿವೈಸ್ ಬೇರೆ ಅಕೌಂಟ್‌ನಲ್ಲಿದೆ ಅಂತ ಎರರ್ ಬಂದು ನಿಮಗೇ ಫೋನ್ ಮಾಡ್ತಾರೆ. ಎಸ್‌ಡಿ ಕಾರ್ಡ್ ಕಿತ್ಕೊಳ್ಳೋದು ಮರೀಬೇಡಿ.

ದುಡ್ಡು ಕಟ್ತಿರೋ ಕ್ಲೌಡ್ ಪ್ಲ್ಯಾನ್ ಇದ್ರೆ ಅದು ಬೇರೆ ಕಥೆ, ಕ್ಯಾಮೆರಾ ತೆಗೆದ್ರೂ ಆಪ್ ಅನ್‌ಇನ್‌ಸ್ಟಾಲ್ ಮಾಡಿದ್ರೂ ದುಡ್ಡು ಕಟ್ ಆಗ್ತಾನೇ ಇರ್ಬೋದು. ಪ್ಲೇ ಸ್ಟೋರ್ ಅಥವಾ ಆಪ್ ಸ್ಟೋರ್ ಮೂಲಕ ತಗೊಂಡಿದ್ರೆ ಅಲ್ಲಿನ ಸಬ್‌ಸ್ಕ್ರಿಪ್ಷನ್ ಲಿಸ್ಟ್‌ನಲ್ಲೇ ಹೋಗಿ ಕ್ಯಾನ್ಸಲ್ ಮಾಡ್ಬೇಕು.

ಈಗ ಸೆನ್ಸರ್‌ಗಳು, ಜಾಸ್ತಿ ತಲೆ ತಿನ್ನೋದು ಇವೇ. ಬಾಗಿಲು ಸೆನ್ಸರ್, ಮೋಷನ್ ಸೆನ್ಸರ್ ಇಂಥವು ಬ್ಯಾಟರಿ ಉಳಿಸೋಕೆ ಹೆಚ್ಚು ಹೊತ್ತು ನಿದ್ದೆ ಮಾಡ್ತಿರ್ತವೆ, ಹಬ್‌ನಿಂದ (ಸೆನ್ಸರ್‌ಗಳನ್ನೆಲ್ಲಾ ಸೇರ್ಸಿ ನಡೆಸೋ ಡಬ್ಬಿ) ರಿಮೂವ್ ಅಂತ ಕಮಾಂಡ್ ಹೋದಾಗ ಅದು ಎದ್ದಿರಲಿಲ್ಲ ಅಂದ್ರೆ ಹಬ್‌ ಲೆಕ್ಕದಲ್ಲಿ ಸೆನ್ಸರ್ ಹೋಯ್ತು, ಸೆನ್ಸರ್‌ಗೆ ಮಾತ್ರ ಇನ್ನೂ ನಾನು ಆ ಹಬ್‌ದೇ ಅನ್ನೋ ಭ್ರಮೆ. ಜಿಗ್‌ಬೀ (ಸೆನ್ಸರ್ರೂ ಹಬ್ಬೂ ಮಾತಾಡ್ಕೊಳ್ಳೋ ಒಂದು ವೈರ್‌ಲೆಸ್ ಪದ್ಧತಿ) ಸೆನ್ಸರ್ ಆದ್ರೆ ಆಪ್‌ನಲ್ಲಿ ರಿಮೂವ್ ಕೊಡೋ ಹೊತ್ತಿಗೆ ಅದರ ಬಟನ್ ಒಂದ್ಸಲ ಒತ್ತಿ ಎಬ್ಬಿಸಿ, ಆಮೇಲೂ ಡೌಟ್ ಇದ್ರೆ ಲೈಟ್ ಮಿನುಗೋ ತನಕ ಬಟನ್ ಒತ್ತಿ ಹಿಡ್ಕೊಂಡು ರೀಸೆಟ್ ಮಾಡಿ.

ಜೀ-ವೇವ್ (ಇದೂ ಅಂಥದ್ದೇ ಇನ್ನೊಂದು ವೈರ್‌ಲೆಸ್ ಪದ್ಧತಿ) ಆದ್ರೆ ಅದಕ್ಕೆ ಹಬ್ ಜೊತೆ ನಂಟು ಬಿಡಿಸೋಕೆ ಎಕ್ಸ್‌ಕ್ಲೂಷನ್ ಅಂತ ಒಂದು ಮೋಡ್ ಇದೆ, ಹಬ್‌ನಲ್ಲಿ ಅದನ್ನ ಆನ್ ಮಾಡಿ ಸೆನ್ಸರ್ ಬಟನ್ ಒತ್ತಿದ್ರೆ ಮುಗೀತು. ಇದರಲ್ಲಿ ನಂಗೆ ಇಷ್ಟವಾದ ವಿಷ್ಯ ಏನಂದ್ರೆ, ಹಳೇ ಹಬ್ ಕೆಟ್ಟು ಹೋಗಿದ್ರೂ ಪರ್ವಾಗಿಲ್ಲ, ಬೇರೆ ಯಾವ ಜೀ-ವೇವ್ ಹಬ್ ಬಳಸಿದ್ರೂ ಆ ಸೆನ್ಸರ್‌ನ ಎಕ್ಸ್‌ಕ್ಲೂಡ್ ಮಾಡ್ಬೋದು, ಆ ಹಬ್ ನಿಮ್ಮ ಮನೇದೇ ಆಗಿರ್ಬೇಕಿಲ್ಲ. ಹೊಸ ಹಬ್‌ಗೆ ಸೆನ್ಸರ್ ಸೇರ್ತಾ ಇಲ್ಲ ಅಂದ್ರೆ ಮೊದ್ಲು ಒಂದ್ಸಲ ಎಕ್ಸ್‌ಕ್ಲೂಡ್ ಮಾಡಿ ನೋಡಿ, ಸುಮಾರು ಸಲ ಅಷ್ಟರಲ್ಲೇ ಸರಿ ಹೋಗತ್ತೆ.

ಮ್ಯಾಟರ್ ಡಿವೈಸ್‌ಗಳಲ್ಲಿ ಇನ್ನೊಂದು ಗಮ್ಮತ್ತು. ಬೇರೆ ಬೇರೆ ಕಂಪನಿ ಸಾಮಾನು ಒಟ್ಟಿಗೆ ಕೆಲ್ಸ ಮಾಡ್ಲಿ ಅಂತ 2022ರಲ್ಲಿ ಬಂದ ಈ ಸ್ಟ್ಯಾಂಡರ್ಡ್‌ನಲ್ಲಿ ಒಂದೇ ಸೆನ್ಸರ್ ಆಪಲ್ ಹೋಮ್, ಗೂಗಲ್ ಹೋಮ್, ಅಲೆಕ್ಸಾ ಮೂರಕ್ಕೂ ಒಟ್ಟಿಗೆ ಸೇರಿರ್ಬೋದು, ಹಂಗಾಗಿ ಒಂದರಿಂದ ತೆಗೆದ್ರೆ ಮಿಕ್ಕಿದ್ದು ಹಾಗೇ ಇರತ್ತೆ. ಎಲ್ಲಾ ಒಂದೇ ಏಟಿಗೆ ಹೋಗ್ಬೇಕು ಅಂದ್ರೆ ಫ್ಯಾಕ್ಟರಿ ರೀಸೆಟ್ಟೇ ದಾರಿ. ತೆಗೆಯೋಕೆ ಮುಂಚೆ ಅದರ ಮೇಲಿರೋ ಕ್ಯೂಆರ್ ಕೋಡ್ ಸ್ಟಿಕ್ಕರ್‌ದು ಒಂದು ಫೋಟೋ ಹೊಡ್ಕೊಳ್ಳಿ, ಆ ಕೋಡ್ ಕಳೆದ್ರೆ ಮತ್ತೆ ಸೇರ್ಸೋದು ದೊಡ್ಡ ತಲೆನೋವು.

ವೈರ್ ಇರೋ ಸೆಟಪ್‌ಗೆ ಬಂದ್ರೆ, ಡಿವಿಆರ್‌ಗೆ (ವಿಡಿಯೋ ರೆಕಾರ್ಡ್ ಮಾಡೋ ಡಬ್ಬಿ) ಹಾಕಿರೋ ಹಳೇ ಅನಲಾಗ್ ಕ್ಯಾಮೆರಾದಲ್ಲಿ ಅಕೌಂಟ್ ಗಿಕೌಂಟ್ ಏನೂ ಇಲ್ಲ, ಕೇಬಲ್ ಕಿತ್ರೆ ಆಯ್ತು, ಡಿವಿಆರ್ ಕುಯ್ಯೋ ಅಂತ ಬೀಪ್ ಮಾಡ್ತಿದ್ರೆ ಆ ಚಾನಲ್‌ದು ವಿಡಿಯೋ ಲಾಸ್ ಅಲಾರಂ ಆಫ್ ಮಾಡಿ. ಎನ್‌ವಿಆರ್ (ನೆಟ್‌ವರ್ಕ್ ಕ್ಯಾಮೆರಾಗಳ ರೆಕಾರ್ಡರ್) ಜೊತೆಗಿರೋ ಐಪಿ ಕ್ಯಾಮೆರಾ, ಅಂದ್ರೆ ನೆಟ್‌ವರ್ಕ್ ಕ್ಯಾಮೆರಾ ಹಂಗಲ್ಲ, ಚಾನಲ್ ಡಿಲೀಟ್ ಮಾಡಿದ್ರೂ ಕ್ಯಾಮೆರಾ ಒಳಗೆ ಹಳೇ ಪಾಸ್‌ವರ್ಡು, ಹಳೇ ಐಪಿ ಅಡ್ರೆಸ್ಸು ಎಲ್ಲಾ ಕೂತಿರತ್ತೆ, ಬೇರೆ ಕಡೆ ಹಾಕಿದಾಗ ಕಾಣಿಸ್ಕೊಳ್ಳೋದೇ ಇಲ್ಲ. ಅದಕ್ಕೇ ಪಾಸ್‌ವರ್ಡ್ ಗೊತ್ತಿದ್ದಾಗ್ಲೇ ಕ್ಯಾಮೆರಾದ ವೆಬ್ ಪೇಜ್‌ಗೆ ಲಾಗಿನ್ ಆಗಿ ಡೀಫಾಲ್ಟ್‌ಗೆ ತನ್ನಿ. ರೆಕಾರ್ಡರ್ ಯಾರಿಗಾದ್ರೂ ಕೊಡೋದಾದ್ರೆ ಹಾರ್ಡ್ ಡಿಸ್ಕ್ ಬಿಚ್ಚಿ ನೀವೇ ಇಟ್ಕೊಳ್ಳಿ, ಸುಮ್ನೆ ಫಾರ್ಮ್ಯಾಟ್ ಮಾಡಿದ್ರೆ ರಿಕವರಿ ಸಾಫ್ಟ್‌ವೇರ್‌ನಲ್ಲಿ ವಾಪಸ್ ಬರೋ ಚಾನ್ಸ್ ಇದೆ.

ಅಲಾರಂ ಪ್ಯಾನಲ್ ಇದ್ರೆ ಮಾತ್ರ ಆತುರ ಬೇಡ. ಮಾನಿಟರಿಂಗ್ ಸೆಂಟರ್‌ಗೆ ಕನೆಕ್ಟ್ ಆಗಿದ್ರೆ ಮೊದ್ಲು ಅವರಿಗೆ ಹೇಳಿ ಅಕೌಂಟ್ ಟೆಸ್ಟ್ ಮೋಡ್‌ಗೆ ಹಾಕ್ಸಿ, ಇಲ್ಲಾಂದ್ರೆ ನೀವು ಸ್ಕ್ರೂಡ್ರೈವರ್ ಹಿಡ್ಕೊಂಡು ನಿಂತಿರೋವಾಗ ಮನೆ ಮುಂದೆ ಯಾರಾದ್ರೂ ಬಂದು ನಿಲ್ತಾರೆ. ಅಲಾರಂ ಆಫ್ ಇದ್ರೂ ಸೆನ್ಸರ್ ಮುಚ್ಚಳ ತೆಗೆದ್ರೆ ಅದನ್ನ ಪತ್ತೆ ಹಚ್ಚೋ ಟ್ಯಾಂಪರ್ ಸ್ವಿಚ್ ಅಲಾರಂ ಕೂಗ್ಸತ್ತೆ, ಅದಕ್ಕೆ ಪ್ಯಾನಲ್‌ನ ಸರ್ವಿಸ್ ಮೋಡ್‌ಗೆ ಹಾಕಿ ಆ ಝೋನ್ (ಪ್ಯಾನಲ್‌ನಲ್ಲಿ ಆ ಸೆನ್ಸರ್‌ಗೆ ಕೊಟ್ಟಿರೋ ಜಾಗ) ಡಿಲೀಟ್ ಮಾಡಿ ಆಮೇಲೆ ವೈರ್ ಬಿಚ್ಚಿ. ವೈರ್ ತುದೀಲಿ ಒಂದು ಪುಟಾಣಿ ರೆಸಿಸ್ಟರ್ ಇರತ್ತೆ, ಲೂಪ್ ಸರಿ ಇದೆ ಅಂತ ಪ್ಯಾನಲ್‌ಗೆ ಗೊತ್ತಾಗೋದು ಅದರಿಂದ್ಲೇ, ಝೋನ್ ಡಿಲೀಟ್ ಮಾಡ್ದೇ ಕಿತ್ರೆ ಫಾಲ್ಟ್ ತೋರ್ಸ್ತಾನೇ ಇರತ್ತೆ. ಪೂರ್ತಿ ಪ್ಯಾನಲ್ ತೆಗೆಯೋದಾದ್ರೆ ಮೇನ್ ಕರೆಂಟ್ ಆಫ್ ಮಾಡಿ ಆಮೇಲೆ ಒಳಗಿರೋ 12 ವೋಲ್ಟ್ ಬ್ಯಾಟರಿ ವೈರ್ ಬಿಚ್ಚಿ. ಹೊರಗಡೆ ಸೈರನ್‌ಗೆ ಎಷ್ಟೋ ಸಲ ತನ್ನದೇ ಬ್ಯಾಟರಿ ಇರತ್ತೆ, ವೈರ್ ಕತ್ತರಿಸಿದ್ರೆ ಕೂಗೋಕೆ ಅಂತಲೇ ಮಾಡಿರೋದು ಅದು. ಮೇನ್ಸ್ ವೈರ್ ನೇರ ಗೋಡೆಯಿಂದ ಬಂದಿದ್ರೆ ಎಲೆಕ್ಟ್ರಿಷಿಯನ್ ಕರೀರಿ. ಇನ್ನು ಸ್ಮೋಕ್ ಸೆನ್ಸರ್ ಅದೇ ಪ್ಯಾನಲ್‌ಗೆ ಸೇರಿದ್ರೆ, ಅದರ ಬದಲಿಗೆ ಬ್ಯಾಟರಿ ಹಾಕೋ ಬಿಡಿ ಸ್ಮೋಕ್ ಅಲಾರಂ ತಂದು ಹಾಕೋವರೆಗೂ ಪ್ಯಾನಲ್ ಮುಟ್ಟಲೇಬೇಡಿ.

ಕೊನೇಗೆ ರೌಟರ್‌ಗೆ ಲಾಗಿನ್ ಆಗಿ. ಹೊರಗಡೆಯಿಂದ ಕ್ಯಾಮೆರಾ ನೋಡೋಕೆ ಅಂತ ಇನ್‌ಸ್ಟಾಲ್ ಮಾಡೋರು ಪೋರ್ಟ್ ಫಾರ್ವರ್ಡಿಂಗ್ (ಇಂಟರ್ನೆಟ್‌ನಿಂದ ಒಳಗೆ ಬರೋಕೆ ರೌಟರ್‌ನಲ್ಲಿ ತೆರೆದಿಟ್ಟ ದಾರಿ) ಹಾಕಿ ಹೋಗಿರ್ತಾರೆ, ಅದನ್ನ ಡಿಲೀಟ್ ಮಾಡಿ. ಅಲೆಕ್ಸಾ, ಗೂಗಲ್ ಹೋಮ್‌ನಲ್ಲಿ ಆ ಕ್ಯಾಮೆರಾ ಕಂಪನಿ ಲಿಂಕ್ ತೆಗೀರಿ, ಆ ಸೆನ್ಸರ್ ನಂಬ್ಕೊಂಡಿದ್ದ ಆಟೋಮೇಷನ್‌ಗಳನ್ನೂ ನೋಡಿ, ಬಾಗಿಲು ತೆಗೆದಾಗ ಲೈಟ್ ಹತ್ತೋದು ನಿಂತೋಗಿರೋದು ರಾತ್ರಿ ಕತ್ತಲಲ್ಲೇ ಗೊತ್ತಾಗೋದು. ಹಾಗೇ ರೌಟರ್‌ನಲ್ಲಿ ಕನೆಕ್ಟ್ ಆಗಿರೋ ಡಿವೈಸ್‌ಗಳ ಲಿಸ್ಟ್ ಒಂದ್ಸಲ ಕಣ್ಣಾಡಿಸಿ, ತೆಗೆದಾಗಿದೆ ಅಂದ್ಕೊಂಡಿದ್ದ ವೈಫೈ ಕ್ಯಾಮೆರಾ ಅಲ್ಲಿ ಇನ್ನೂ ಆನ್‌ಲೈನ್ ಅಂತ ತೋರಿಸ್ತಿದ್ರೆ ಅದು ರೀಸೆಟ್ ಆಗಿಲ್ಲ ಅಂತ ಅರ್ಥ, ಮತ್ತೆ ಒಂದ್ಸಲ ಬಟನ್ ಒತ್ತಿ ಹಿಡೀರಿ.